ಇಪ್ಪತ್ತು ಪದಗಳ ಪಟ್ಟಿ

ಸದ್ದು ಅಡಗಿಸಲು ಸದ್ದನ್ನೇ ತುಂಬುವವರಾದ್ದರಿಂದ ನಾವು ಅವರಿಗೆ 'ಸದ್ದಿನ ಸಾರ್' ಎಂದು ಹೆಸರಿಟ್ಟಿದ್ದೆವು.

ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತು ಕೇಳಿ ರಿಪೋರ್ಟ್ ಟೈಪ್ ಮಾಡುವ ಆಫೀಸು ನಮ್ಮದು. ಒಬ್ಬರು ಫೋನಿನಲ್ಲಿ ಗಂಡನನ್ನು ಬೈದರೆ ಹನ್ನೆರಡು ಜನರ ಬೆರಳು ನಿಲ್ಲುತ್ತಿತ್ತು. ಅದಕ್ಕೇ ಸದ್ದು ತಗ್ಗಿಸುವ ಕಂಪನಿಯೊಂದರಿಂದ ಸದ್ದಿನ ಸಾರ್ ಬಂದು ಚಾವಣಿಯಲ್ಲಿ ಸಣ್ಣ ಸ್ಪೀಕರುಗಳನ್ನು ಕೂರಿಸಿದರು. ದೂರದಲ್ಲಿ ಯಾರೋ ನಲ್ಲಿ ಬಿಟ್ಟಂತೆ ಒಂದೇ ಸಮನೆ ಸದ್ದು. ಪಕ್ಕದವರ ಮಾತು ಅದರಲ್ಲಿ ಕರಗಿಹೋಗಬೇಕು.

ಎಷ್ಟು ಸದ್ದು ಸಾಕೆಂದು ನೋಡಲು ಅವರದೊಂದು ಕ್ರಮವಿತ್ತು. ಪಾರ್ಟಿಷನ್ನಿನ ಆಚೆ ಕೂತು ಇಪ್ಪತ್ತು ಪದಗಳ ಪಟ್ಟಿಯನ್ನು ಮಾಮೂಲಿ ದನಿಯಲ್ಲಿ ಓದುತ್ತಾರೆ. ಈಚೆ ಕೂತವರು ಕೇಳಿಸಿದ್ದನ್ನು ಬರೆಯಬೇಕು. ಹಾಳೆ ಖಾಲಿ ಬಂದ ದಿನ ಕೆಲಸ ಮುಗಿಯಿತು. ಕಿವಿ ಚುರುಕೆಂದು ಮ್ಯಾನೇಜರು ನನ್ನನ್ನೇ ಕೂರಿಸಿದರು.

"ಕೇಳಿಸ್ತಾ ಮೇಡಂ?"

"ಕೇಳಿಸ್ತು. 'ಕಿಟಕಿ' ಅನ್ನೋವಾಗ ನಕ್ರಲ್ಲ, ಅದೂ ಕೇಳಿಸ್ತು."

ಪಾರ್ಟಿಷನ್ನಿನ ಮೇಲೆ ಅವರ ಕಣ್ಣುಗಳಷ್ಟೇ ಮೂಡಿದವು. ನನ್ನನ್ನು ನೋಡಿ ಸರಕ್ಕನೆ ಕೆಳಗಿಳಿದವು. ಆ ಇಡೀ ದಿನ ನನ್ನ ಟೈಪಿಂಗ್ ತಪ್ಪಿತು.

ಮೂರನೆಯ ದಿನ ಒಂದು ಪದವೂ ಕೇಳಿಸಲಿಲ್ಲ. ಖಾಲಿ ಹಾಳೆ ಕೊಟ್ಟರೆ ಅವರು ಪೆಟ್ಟಿಗೆ ಎತ್ತಿಕೊಂಡು ಬೇರೆ ಊರಿಗೆ ಹೋಗುತ್ತಾರೆ. ದಿನವೂ ಅದೇ ಪಟ್ಟಿಯಾದ್ದರಿಂದ ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು. ಇಪ್ಪತ್ತೂ ಬರೆದುಕೊಟ್ಟೆ. ಅವರು ಸದ್ದು ಏರಿಸಿದರು. ಮುಂದಿನ ಎರಡು ದಿನವೂ ಹಾಗೆಯೇ.

"ಎಂಥ ಕಿವಿ ರೀ ನಿಮ್ದು!" ಎಂದರು. ನಾಚಿಕೆಯಾಯಿತು. ಸುಳ್ಳೇಕೆ, ಸಂತೋಷವೂ ಆಯಿತು.

ಆರನೆಯ ದಿನ ಬೆಳಿಗ್ಗೆ ಪ್ರೂಫ್ ನೋಡುವ ಅಕ್ಕ ಮೇಜಿನ ಮೇಲೆ ತಲೆಯಿಟ್ಟಿದ್ದರು. ಸ್ಪೀಕರಿನ ನೇರ ಕೆಳಗೆ ಅವರ ಕುರ್ಚಿ.

"ಮೂರು ದಿನದಿಂದ ತಲೆ ಸಿಡೀತಿದೆ ಕಣೇ. ನಿನ್ನೆ ಒಂದು ರಿಪೋರ್ಟಲ್ಲಿ ಔಷಧಿ ಪ್ರಮಾಣ ತಪ್ಪಿತ್ತು, ನನ್ನ ಕಣ್ಣಿಗೆ ಬೀಳ್ಲೇ ಇಲ್ಲ. ಪುಣ್ಯಕ್ಕೆ ಡಾಕ್ಟ್ರು ಹಿಡಿದ್ರು."

ಅಂದು ಪರೀಕ್ಷೆ ಮುಗಿದಾಗ ಖಾಲಿ ಹಾಳೆಯನ್ನೇ ಅವರ ಕೈಗಿಟ್ಟೆ.

"ಏನೂ ಕೇಳಿಸ್ಲಿಲ್ಲ. ಮೂರನೇ ದಿನದಿಂದಾನೂ ಕೇಳಿಸಿಲ್ಲ. ನೆನಪಿನಿಂದ ಬರೆದೆ."

ಅವರು ಹಾಳೆಯಿಂದ ಕಣ್ಣೆತ್ತಲಿಲ್ಲ. "ಗೊತ್ತು. ಅನುಮಾನ ಬಂದು ನಿನ್ನೆ ನಾನು ಪಟ್ಟಿ ಓದ್ಲೇ ಇಲ್ಲ, ಸುಮ್ನೆ ಕೂತಿದ್ದೆ. ನೀವು ಇಪ್ಪತ್ತೂ ಬರೆದುಕೊಟ್ರಿ."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನಿನ್ನೇನೇ ಹೊರಡಬೇಕಿತ್ತು."

ಎದೆ ತುಂಬಿ ಬಂತು. ಆದರೆ ನಗಲು ಆಗಲಿಲ್ಲ, ಅವರಿಂದಲೂ ಆಗಲಿಲ್ಲ. ಇಬ್ಬರೂ ಎದ್ದು ಅಕ್ಕನ ಬಳಿ ಹೋಗಿ ನಿಂತು ಎಲ್ಲ ಹೇಳಿದೆವು. ಅಕ್ಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಕಣ್ಣು ಮುಚ್ಕೊಂಡು ಹಾಲು ಕುಡಿದವರು ನೀವಿಬ್ರು, ಪೆಟ್ಟು ಬಿದ್ದಿದ್ದು ನನ್ನ ತಲೆಗೆ," ಎಂದರು. "ಮೊದಲು ಆ ಸದ್ದು ಇಳಿಸಿ. ಆಮೇಲೆ ಮ್ಯಾನೇಜರಿಗೂ ಹೀಗೇ ಹೇಳಿ."

ಹೇಳಿದೆವು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಅವರ ಕಂಪನಿಗೆ ದೂರು ಹೋಯಿತು. ಸದ್ದು ಮೂರನೆಯ ದಿನದ ಮಟ್ಟಕ್ಕೆ ಇಳಿಯಿತು.

ಸಂಜೆ ಅವರು ಪೆಟ್ಟಿಗೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು.

"ನೀವು ಹೋಗಬಾರ್ದು ಅಂತ ಬರೆದೆ," ಎಂದೆ. "ನಿಮ್ಮ ಮೇಲೆ ಅಷ್ಟು ಮನಸ್ಸಾಗಿಬಿಟ್ಟಿತ್ತು. ಈಗ್ಲೂ ಇದೆ."

"ಹೋಗ್ಲೇಬೇಕು, ಕೆಲಸ. ಆದ್ರೆ ನನ್ನ ವಾಪಸ್ ಕರೆಸೋಕೆ ಅಷ್ಟೊಂದು ಬರೀಬೇಕಿರ್ಲಿಲ್ಲ." ಅವರು ಪೆಟ್ಟಿಗೆ ಕೆಳಗಿಟ್ಟರು. "ಬನ್ನಿ ಅಂದಿದ್ರೆ ಸಾಕಿತ್ತು."

"ಬನ್ನಿ," ಎಂದೆ.