ಮೌಲ್ಯಮಾಪಕಿಗೆ ಟೀ ಬೇಡ

"ಟೀ ಬೇಡ," ಎಂದು ಲೋಟವನ್ನು ಅವನತ್ತಲೇ ಸರಿಸಿದೆ.

"ಸಕ್ಕರೆ ಇಲ್ಲದ್ದು ತರ್ಲಾ?"

"ಯಾವುದೂ ಬೇಡ. ನಿಮ್ಮ ಕೆಲಸ ಅಳೆಯೋಕೆ ಬಂದಿದೀನಿ. ನಿಮ್ಮ ಟೀ ಕುಡಿದು ನಿಮ್ಮ ಬಗ್ಗೆ ಹೇಗೆ ಬರೀಲಿ?"

"ಒಂದು ಲೋಟ ಟೀಗೆ ಬೀಳೋರ ಥರ ಕಾಣಲ್ಲ ನೀವು," ಎಂದು ನಕ್ಕ. ನಗುವಾಗ ಒಂದೇ ಕೆನ್ನೆಯಲ್ಲಿ ಗುಳಿ. ನೋಡಬಾರದಿತ್ತು, ನೋಡಿಬಿಟ್ಟೆ.

ಐದಾರು ದೇಶಗಳು ಸೇರಿ ಹಣ ಹಾಕಿದ್ದ ಯೋಜನೆ ಅದು. ಬೆಳೆ ಕೈಕೊಟ್ಟ ವರ್ಷವೂ ಯಾರ ಮನೆಯ ಒಲೆಯೂ ಆರಬಾರದೆಂದು ಊರೂರಿಗೆ ಧಾನ್ಯದ ಉಗ್ರಾಣ, ಬಿತ್ತನೆಗೆ ಮುಂಚೆಯೇ ಬೀಜ. ಇಲ್ಲಿನ ಉಸ್ತುವಾರಿ ಅವನದು. ಅದರಿಂದ ನಿಜಕ್ಕೂ ಉಪಯೋಗವಾಯಿತೇ ಎಂದು ನೋಡುವ ಕೆಲಸ ನನ್ನದು. ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಈ ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು? ಜನ ಮುಲಾಜಿಲ್ಲದೆ ಮಾತಾಡಲೆಂದು ಅವನನ್ನು ಹೊರಗೇ ನಿಲ್ಲಿಸುತ್ತಿದ್ದೆ. ಪಾಪ, ಬಿಸಿಲಲ್ಲಿ ನಿಂತಿರುತ್ತಿದ್ದ. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಕಿಟಕಿಗೇ ಹೋಗುತ್ತಿತ್ತು.

ಉಗ್ರಾಣದ ಬೀಗದ ಕೈ ಇದ್ದದ್ದು ಅವನ ಚಿಕ್ಕಮ್ಮನ ಸೊಂಟದಲ್ಲಿ. ಅವರಿಗೂ ಅದೇ ಪ್ರಶ್ನೆ ಹಾಕಿದೆ.

"ಇಲ್ದೇ ಇದ್ದಿದ್ರೆ ಹೋದ ವರ್ಷ ಹಸು ಮಾರ್ಬೇಕಾಗ್ತಿತ್ತು. ಈ ವರ್ಷ ನೀನು ಬರ್ತಿರ್ಲಿಲ್ಲಮ್ಮ, ಇವನು ದಿನಾ ಗಡ್ಡ ಬೋಳಿಸ್ತಿರ್ಲಿಲ್ಲ."

ಕಿಟಕಿಯಾಚೆ ಯಾರೋ ಕೆಮ್ಮಿದರು.

ಆ ಸಂಜೆ ವರದಿ ಬರೆಯಲು ಕೂತೆ. ಬಿತ್ತನೆ ಮುಗಿದ ಮೇಲೆ ಬೀಜ ಬಂದಿತ್ತು. ಬೇಡಿಕೆ ಕಳಿಸುವುದರಲ್ಲಿ ಅವನೇ ಎಡವಟ್ಟು ಮಾಡಿಕೊಂಡಿದ್ದ. ನಾನು ಬರೆದದ್ದು, 'ಸ್ವಲ್ಪ ತಡವಾಯಿತು' ಎಂದು. ಬೇರೆ ಯಾರಾಗಿದ್ದರೂ ಚಳಿ ಬಿಡಿಸುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ನಾನು ಹೆರದೆಯೇ ಮುದ್ದಿಸತೊಡಗಿದ್ದೆ. ಎಷ್ಟೋ ಕಾಲ ಕಾದು ಪಡೆದ ಕೆಲಸ. ಆದರೂ ನಮ್ಮ ಕಚೇರಿಯ ಮೇಡಂಗೆ ಫೋನ್ ಮಾಡಿ, ಬೇರೆಯವರನ್ನು ಕಳಿಸಿ ಎಂದೆ.

ಸುದ್ದಿ ತಿಳಿದು ಬೆಳಿಗ್ಗೆಯೇ ಗೆಸ್ಟ್ ಹೌಸಿಗೆ ಓಡಿಬಂದ. ಗಡ್ಡ ಬೋಳಿಸಿರಲಿಲ್ಲ.

"ಬೀಜದ ವಿಷಯಕ್ಕೇನಾ? ತಪ್ಪು ನಂದೇ, ಹಾಗೇ ಬರೀರಿ. ಆದ್ರೆ ಅರ್ಧಕ್ಕೆ ಬಿಟ್ಟು ಹೋಗ್ಬೇಡಿ."

"ಬರೆಯೋಕೆ ಕೈ ಬರ್ಲಿಲ್ಲ ಕಣ್ರೀ."

"ಯಾಕೆ?"

"ನೀವು ಇಷ್ಟ ಆಗ್ಬಿಟ್ಟಿದೀರಿ. ಮೇಡಂಗೂ ಅದನ್ನೇ ಹೇಳ್ದೆ."

ಅವನ ಕಿವಿ ಕೆಂಪಾಯಿತು. "ನನಗಿಂತ ಮೊದ್ಲು ಮೇಡಂಗೆ ಹೇಳಿದ್ರಾ?"

"ನಿಯಮ ಹಾಗಿದೆ. ನಾಳೆ ಬರೋರು ನನಗಿಂತ ಖಡಕ್. ಬೀಜದ ವಿಷಯ ಅವರಿಗೆ ಪೂರ್ತಿ ಹೇಳಿದೀನಿ."

"ಬೈಸ್ಕೋತೀನಿ ಬಿಡಿ." ಬೋಳಿಸದ ಗಡ್ಡ ಸವರಿಕೊಂಡ. "ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ."

ಅಷ್ಟು ಹೇಳಿ ಅಡುಗೆಮನೆಗೆ ನುಗ್ಗಿ ಟೀ ಮಾಡಿಕೊಂಡು ಬಂದ. ಅವಸರದಲ್ಲಿ ಅರ್ಧ ತಟ್ಟೆಗೆ ಚೆಲ್ಲಿತ್ತು. ಈ ಸಲ ಲೋಟ ಸರಿಸಲಿಲ್ಲ. ಒಂದು ಗುಟುಕು ಕುಡಿದೆ. ಸಕ್ಕರೆ ಪಾಕ.

"ಹೇಗಿದೆ?"

"ನನ್ನ ಕೇಳ್ಬೇಡಿ," ಎಂದೆ. "ನಾನೀಗ ಪಕ್ಷಪಾತಿ."