ಕೈಚಳಕ ಕದ್ದ ಮಾಂತ್ರಿಕನೂ ಕಾವಲುಗಿತ್ತಿ ದೇವೀರಿಯೂ

ಬಹಳ ಕಾಲದ ಹಿಂದೆ, ಏಳು ಬೆಟ್ಟಗಳಾಚೆ, ಬೆಳ್ಮುಗಿಲು ಎಂಬ ರಾಜ್ಯವೊಂದಿತ್ತು. ಅಲ್ಲಿ ಮೋಡಗಳು ಎಷ್ಟು ಕೆಳಗೆ ತೇಲುತ್ತಿದ್ದವೆಂದರೆ ಮಕ್ಕಳು ಮಾಳಿಗೆ ಹತ್ತಿ ಅವುಗಳ ಚೂರು ಕಿತ್ತು ದಿಂಬಿಗೆ ತುಂಬುತ್ತಿದ್ದರು. ಪದ್ಮಶೇಖರನೆಂಬ ದೊರೆ ಆ ರಾಜ್ಯವನ್ನು ಆಳುತ್ತಿದ್ದ.

ರಾಜಧಾನಿಯ ಉತ್ತರದ ಬಾಗಿಲನ್ನು ಕಾಯುತ್ತಿದ್ದವಳು ದೇವೀರಿ. ನಲವತ್ತು ದಾಟಿದ ಹೆಂಗಸು, ಒಂಟಿ ಜೀವ. ಬೆಳಿಗ್ಗೆ ಬಾಗಿಲು ತೆರೆಯುವುದು, ಸಂಜೆ ಮುಚ್ಚುವುದು, ನಡುವೆ ಬಂದವರ ಹೆಸರು ಕೇಳಿ ಒಳಗೆ ಬಿಡುವುದು, ಇಷ್ಟೇ ಅವಳ ಕೆಲಸ. ಉಳಿದ ಹೊತ್ತಿನಲ್ಲಿ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹಳೆಯ ಸೀರೆ ಸಿಕ್ಕರೆ ಕೌದಿ ಹೊಲಿಯುವಳು. ಉಣ್ಣೆ ಸಿಕ್ಕರೆ ಟೋಪಿ ಹೆಣೆಯುವಳು. ಚಿಂದಿ ಸಿಕ್ಕರೆ ಗೊಂಬೆ ಮಾಡುವಳು. ಬಾಗಿಲ ಪಕ್ಕದಲ್ಲೇ ಮಣ್ಣು ಮೆತ್ತಿ ಒಂದು ಗೂಡೊಲೆ ಕಟ್ಟಿಕೊಂಡು, ಅದರಲ್ಲಿ ಬನ್ನು, ಬಿಸ್ಕತ್ತು, ಬೆಲ್ಲದ ಕೇಕು ಬೇಯಿಸುವಳು.

ಇದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳ ಗೊಂಬೆಗಳಿಗೆ ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ. ಅವಳು ಮಾಡಿದ ಮೊದಲ ಬನ್ನನ್ನು ಕಾಗೆಯೊಂದು ಕಚ್ಚಿಕೊಂಡು ಹೋಗಿ, ಕೊಕ್ಕು ನೋಯಿಸಿಕೊಂಡು, ತಿರುಗಿ ತಂದು ಹಾಕಿತ್ತು. ದೇವೀರಿ ಬೇಸರಪಡಲಿಲ್ಲ. "ನೀರು ಕಡಿಮೆಯಾಯಿತು" ಎಂದುಕೊಂಡು ಮರುದಿನ ಮತ್ತೆ ಹಿಟ್ಟು ನಾದಿದಳು. ಹೀಗೆ ಹತ್ತು ವರ್ಷ ನಾದಿದ ಮೇಲೆ ಬನ್ನು ಅರಳಿದ ಹತ್ತಿಯಂತೆ ಬರತೊಡಗಿತು. ಊರವರು ಮಾತ್ರ ಕಾಗೆಯ ಕತೆಯನ್ನೇ ಹೇಳಿಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನೇಕಾರರ ಹಿರಿಯ ಗುರುಪಾದ. ಅವನೇನು ಸಾಮಾನ್ಯನೇ? ಅವನು ಸೀರೆಯ ಸೆರಗಿನಲ್ಲಿ ನವಿಲು ನೇಯ್ದರೆ ಅದರ ಕುಣಿತ ನೋಡಿ ಮೋಡ ಮಳೆ ಸುರಿಸುತ್ತಿತ್ತು.

ಒಂದು ದಿನ ಕರಿಗಲ್ಲು ಬೆಟ್ಟದಿಂದ ಕರಾಲಕನೆಂಬ ಮಾಂತ್ರಿಕ ಬಂದ. ಅರಮನೆಯ ಅಂಗಳದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದ. ಎಲ್ಲರ ಮೈಮೇಲೂ ರೇಷ್ಮೆಯ ಬಟ್ಟೆ ಬಂತು. ಇನ್ನೊಂದು ಚಪ್ಪಾಳೆ ತಟ್ಟಿದ. ಎಲ್ಲರ ಮುಂದೆಯೂ ಹಬ್ಬದ ಎಲೆ ಬಡಿಸಿತ್ತು.

"ನೀವೇಕೆ ದುಡಿದು ಬೆನ್ನು ಬಾಗಿಸಿಕೊಳ್ಳಬೇಕು?" ಎಂದ ಕರಾಲಕ. "ಇನ್ನು ಮೇಲೆ ಎಲ್ಲವೂ ನನ್ನ ಚಪ್ಪಾಳೆಗೆ ಬರುತ್ತದೆ. ನಿಮಗೆ ಬೇಡವಾದ ಕೈಚಳಕವನ್ನು ನನಗೆ ಕೊಟ್ಟುಬಿಡಿ."

ಜನ ಹಿಗ್ಗಿದರು. ಅವನು ತಂದಿಟ್ಟ ಬೆಳ್ಳಿಯ ಕೊಪ್ಪರಿಗೆಯ ಮುಂದೆ ಊರಿಗೆ ಊರೇ ಸಾಲು ನಿಂತಿತು. ಒಬ್ಬೊಬ್ಬರು ಕೈಯದ್ದಿದಾಗಲೂ ಬೆರಳ ತುದಿಯಿಂದ ಹೊಳೆಯುವ ಎಳೆಯೊಂದು ಹೊರಬಂದು ಕೊಪ್ಪರಿಗೆಗೆ ಇಳಿಯಿತು. ಕುಂಬಾರನದು ಕಂದು, ಅಡುಗೆಯವಳದು ಅರಿಸಿನ, ಗುರುಪಾದನದು ದಾಸವಾಳದ ಕೆಂಪು.

ದೇವೀರಿಯೂ ಸಾಲಿನಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ಗುರುಪಾದ ನಕ್ಕು, "ಇವಳದೂ ಒಂದು ಕೈಚಳಕವೇ? ಹೊತ್ತು ಕಳೆಯೋದಕ್ಕೆ ಏನೋ ಹೊಲ್ಕೊಂಡಿರ್ತಾಳೆ" ಎಂದ. ಕರಾಲಕ ಅವಳ ಹೆಗಲಿನ ಚೀಲದ ಸೊಟ್ಟ ಹೊಲಿಗೆಯನ್ನು ನೋಡಿ ಮುಖ ಸಿಂಡರಿಸಿದ. "ಇಂಥದ್ದು ನನಗೆ ಬೇಡ. ಹೋಗು."

ದೇವೀರಿ ತಲೆ ತಗ್ಗಿಸಿ ಬಾಗಿಲ ಬಳಿಗೆ ನಡೆದಳು. ಒಲೆಯ ಪಕ್ಕ ಕೂತು ಅತ್ತಳು. ಅತ್ತು ಮುಗಿದ ಮೇಲೆ ಎದ್ದು ಹಿಟ್ಟು ನಾದಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಮೂರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಮಾಗಿಯ ಚಳಿ ಶುರುವಾದ ದಿನ ಕರಾಲಕ ಮತ್ತೆ ಬಂದ. ಈ ಬಾರಿ ಚಪ್ಪಾಳೆಯನ್ನು ಹಿಂದುಮುಂದಾಗಿ, ಅಂದರೆ ಹಿಂಗೈಗೆ ಹಿಂಗೈ ಸೇರಿಸಿ ತಟ್ಟಿದ. ಊರಿನ ಶಾಲು, ಕಂಬಳಿಗಳೆಲ್ಲ ಹೊಗೆಯಾಗಿ ಹಾರಿಹೋದವು. ಕಣಜದಲ್ಲಿ ಕಾಳಿತ್ತು, ಆದರೆ ಬೀಸಿ ಬೇಯಿಸಿದ ಆಹಾರವೆಲ್ಲ ಮಾಯವಾಯಿತು.

"ದೊರೆಯೇ, ಹುಣ್ಣಿಮೆಯೊಳಗೆ ನಿನ್ನ ಕಿರೀಟ ತಂದು ನನ್ನ ಕಾಲಡಿ ಇಡು. ನಿನ್ನ ಪ್ರಜೆಗಳೆಲ್ಲ ನನ್ನ ಆಳುಗಳಾಗಲಿ. ಇಲ್ಲದಿದ್ದರೆ ಇಲ್ಲೇ ಹಸಿದು ನಡುಗಿ ಸಾಯಿರಿ" ಎಂದು ಹೇಳಿ ಹೊರಟುಹೋದ.

ಆಗ ಜನರಿಗೆ ತಮ್ಮ ಕೈಗಳ ಗತಿ ಗೊತ್ತಾಯಿತು. ಹಿಟ್ಟಿಗೆ ನೀರು ಬೆರೆಸಲು ಬಾರದು. ಒಲೆ ಹೊತ್ತಿಸಲು ಬಾರದು. ತಾಯಂದಿರಿಗೆ ಮಗಳ ಜಡೆ ಹೆಣೆಯಲು ಬಾರದು. ಬೆರಳುಗಳು ಕಟ್ಟಿಗೆಯಂತೆ ಬಿದ್ದುಕೊಂಡಿದ್ದವು. ದೊರೆ ಸೈನಿಕರನ್ನು ಕರಿಗಲ್ಲು ಬೆಟ್ಟಕ್ಕೆ ಕಳಿಸಿದ. ಅವರು ಮುರಿದ ಕತ್ತಿ, ಸುಟ್ಟ ಗುರಾಣಿ ಹಿಡಿದು ಓಡಿಬಂದರು.

ಇಡೀ ಊರಿನಲ್ಲಿ ಹೊಗೆಯಾಡುತ್ತಿದ್ದದ್ದು ಉತ್ತರದ ಬಾಗಿಲಿನ ಗೂಡೊಲೆ ಒಂದೇ. ದೇವೀರಿ ಬೆಳಗಿನಿಂದ ಸಂಜೆಯವರೆಗೆ ಬನ್ನು ಬೇಯಿಸಿ ಮಕ್ಕಳಿಗೆ ಹಂಚಿದಳು. ತನ್ನಲ್ಲಿದ್ದ ಕೌದಿಗಳನ್ನೆಲ್ಲ ಮುದುಕರಿಗೆ ಹೊದಿಸಿದಳು. ಆದರೆ ಒಬ್ಬಳ ಎರಡು ಕೈ ಎಷ್ಟು ಜನರಿಗೆ ಸಾಕಾದೀತು?

ನಾಲ್ಕನೆಯ ದಿನ ಗುರುಪಾದ ಬಂದ. ಅವನ ಕೈಯಲ್ಲಿ ಒಂದು ಸೂಜಿಯೂ ಒಂದು ದಾರವೂ ಇದ್ದವು.

"ಮೊಮ್ಮಗಳ ಅಂಗಿ ಹರಿದಿದೆ ತಾಯಿ. ಮುಂಜಾನೆಯಿಂದ ಪೋಣಿಸ್ತಾ ಇದೀನಿ, ಆಗ್ತಾ ಇಲ್ಲ" ಎಂದ. ಸೂಜಿ ದಾರವನ್ನು ಅವಳ ಮುಂದೆ ಚಾಚಿದ. "ನಿನ್ನ ನೋಡಿ ನಕ್ಕಿದ್ದೆ."

"ನಗೋ ಹಾಗೇ ಇತ್ತಲ್ಲ ನನ್ನ ಗೊಂಬೆ" ಎಂದಳು ದೇವೀರಿ. ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟಳು. ಹೊಲಿಯಲು ಹೋಗಿ ಅವನು ಅದನ್ನೂ ಬೀಳಿಸಿದ. ಆಗ ಅವಳು ತಾನೇ ಅಂಗಿ ಹೊಲಿದು ಕೊಟ್ಟು, ಚೀಲಕ್ಕೆ ಉಣ್ಣೆ, ಹಿಟ್ಟು, ಬೆಲ್ಲ, ಹುದುಗಿನ ಮಡಕೆ ತುಂಬಿಕೊಂಡು, ಬಾಗಿಲ ಬೀಗದ ಕೈಯನ್ನು ಅವನ ಮಡಿಲಿಗೆ ಹಾಕಿದಳು.

"ಸಂಜೆ ಬಾಗಿಲು ಮುಚ್ಚಿಸೋದು ಮರೀಬೇಡಿ. ನಾನು ಬರೋವರೆಗೂ ಎಲ್ಲರೂ ಕಾಳು ನೆನೆಸ್ಕೊಂಡು ತಿನ್ನಿ. ನಾನು ಬೆಟ್ಟಕ್ಕೆ ಹೋಗಿ ಬರ್ತೀನಿ."

ಎರಡು ದಿನ ನಡೆದು ಬೆಟ್ಟದ ಬುಡ ಮುಟ್ಟಿದಳು. ಅಲ್ಲಿ ಒಂದು ಹಳ್ಳ. ಹಳ್ಳದ ಆಚೆ ಆನೆಯಷ್ಟು ದೊಡ್ಡ ಹುಲಿ. ಅದರ ಮೈಮೇಲೆ ಒಂದು ರೋಮವೂ ಇರಲಿಲ್ಲ. ಯಾವುದೋ ತಪ್ಪಿಗೆ ಕರಾಲಕ ಅದರ ಪಟ್ಟೆಪಟ್ಟೆ ರೋಮವನ್ನೆಲ್ಲ ಕಿತ್ತುಕೊಂಡಿದ್ದ. ಚಳಿಗೆ ಗಡಗಡ ನಡುಗುತ್ತ, ನಡುಗಿದಷ್ಟೂ ರೇಗುತ್ತ, ಸಿಕ್ಕಿದ್ದನ್ನೆಲ್ಲ ಸೀಳುತ್ತಿತ್ತು.

"ಹತ್ತಿರ ಬಂದರೆ ನುಂಗುತ್ತೇನೆ!" ಎಂದು ಹುಲಿ ಗರ್ಜಿಸಿತು.

"ಬರೋದಿಲ್ಲ. ಇಲ್ಲೇ ಕೂತ್ಕೋತೀನಿ" ಎಂದು ದೇವೀರಿ ಈಚೆ ದಡದಲ್ಲಿ ಕೂತು, ಕಣ್ಣಳತೆಯಲ್ಲೇ ಹುಲಿಯ ಮೈ ಅಳೆದು, ಹಳದಿ ಉಣ್ಣೆ ತೆಗೆದು ಹೆಣೆಯತೊಡಗಿದಳು. ಹುಲಿ ಮೊದಲ ದಿನ ಗರ್ಜಿಸಿತು. ಎರಡನೆಯ ದಿನ ಗೊಣಗಿತು. ಮೂರನೆಯ ದಿನ "ಇನ್ನೂ ಎಷ್ಟು ಹೊತ್ತು?" ಎಂದು ಕೇಳಿತು. ಅಂಗಿ ಮುಗಿದಾಗ ಅವಳು ಅದನ್ನು ಆಚೆ ದಡಕ್ಕೆ ಎಸೆದಳು. ಹುಲಿ ತಲೆ ತೂರಿಸಿತು. ಕತ್ತು ಸಿಕ್ಕಿಕೊಂಡಿತು.

"ಕೊಲ್ಲುತ್ತೀಯಾ ನನ್ನ?"

"ಬಿಗಿಯಾಯ್ತು, ಕೊಡು ಇಲ್ಲಿ" ಎಂದು ಹಳ್ಳ ದಾಟಿ ಹೋಗಿ, ಹುಲಿಯ ಬಾಯಿಗೆ ಒಂದು ಮೊಳ ದೂರದಲ್ಲಿ ಕೂತು, ಕತ್ತಿನ ಹೆಣಿಗೆ ಬಿಚ್ಚಿ ಮತ್ತೆ ಹಾಕಿದಳು. ಕತ್ತು ಅಗಲಿಸಲು ಹಳದಿ ಉಣ್ಣೆ ಸಾಲದೆ, ಮುಂಗಾಲೊಂದರ ತೋಳು ಬಿಚ್ಚಿ ಅಲ್ಲಿ ನೀಲಿ ಹೆಣೆದಳು. ತೊಟ್ಟುಕೊಂಡ ಹುಲಿ ಬಹಳ ಹೊತ್ತು ಆ ನೀಲಿ ಕಾಲನ್ನೇ ನೋಡಿತು. ಆಮೇಲೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಅರ್ಧ ಬೆಟ್ಟ ಹತ್ತಿಸಿತು.

ಅರ್ಧ ಬೆಟ್ಟದಲ್ಲಿ ಒಂದು ಗುಹೆ. ಗುಹೆಯನ್ನು ದಾಟದೆ ಮೇಲಕ್ಕೆ ದಾರಿಯಿಲ್ಲ. ಅದರ ಬಾಯಿಗೆ ಅಡ್ಡವಾಗಿ ತೆಂಗಿನ ಮರದುದ್ದದ ಬೆಂಕಿಯುಡ ಮಲಗಿತ್ತು. ಅದು ಉಸಿರು ಬಿಟ್ಟರೆ ಬಂಡೆ ಕೆಂಪಾಗುತ್ತಿತ್ತು.

"ಯಾಕಪ್ಪ ಇಷ್ಟು ಕೋಪ?" ಎಂದು ಬಂಡೆಯ ಹಿಂದಿನಿಂದ ದೇವೀರಿ ಕೇಳಿದಳು.

"ಹಸಿವು!" ಎಂದಿತು ಉಡ. "ಮುನ್ನೂರು ವರ್ಷದಿಂದ ಹಸಿವು. ಏನು ಬಾಯಿಗಿಟ್ಟರೂ ನಾಲಿಗೆ ಮುಟ್ಟುವ ಮೊದಲೇ ಬೂದಿಯಾಗುತ್ತದೆ."

ದೇವೀರಿ ಹಿಟ್ಟು ನಾದಿ, ಹುದುಗು ಬೆರೆಸಿ, ಬಿಸಿಲಿಗಿಟ್ಟು ಉಬ್ಬಿಸಿ ಕಲ್ಲಿನ ಮೇಲಿಟ್ಟಳು. ಉಡ ಉಸಿರು ಬಿಟ್ಟಿತು. ಹಿಟ್ಟು ಇದ್ದಿಲಾಯಿತು. ಎರಡನೆಯ ಉಂಡೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿಟ್ಟಳು. ಮೇಲೆ ಸೀದಿತು, ಒಳಗೆ ಹಸಿ ಉಳಿಯಿತು. ಉಡದ ಕಣ್ಣಿನಿಂದ ಕಿಡಿಗಳು ಉದುರಿದವು. ಅದು ಅಳುವ ರೀತಿಯೇ ಹಾಗೆ.

"ಅಳಬೇಡ. ನನ್ನದು ಇನ್ನೂ ಎಷ್ಟೋ ಸಲ ಸೀದಿತ್ತು" ಎಂದಳು ದೇವೀರಿ. ಮೂರನೆಯ ಉಂಡೆಗೆ ಬೆಲ್ಲ ಬೆರೆಸಿ, ಮೇಲೆ ಮಡಕೆ ಕವುಚಿದಳು. "ಈಗ ಬಿಸಿ ಸಾರು ಆರಿಸೋ ಹಾಗೆ ಮೆಲ್ಲಗೆ ಊದು. ಇನ್ನೂ ಮೆಲ್ಲಗೆ. ನಾನು ಸಾಕು ಅನ್ನೋವರೆಗೂ ಊದು."

ಉಡ ತುಟಿ ಸುರುಳಿ ಮಾಡಿ ಊದಿತು. ಅಷ್ಟು ಮೆಲ್ಲಗೆ ಅದು ಎಂದೂ ಉಸಿರಾಡಿರಲಿಲ್ಲ. ಮಡಕೆ ಎತ್ತಿದಾಗ ಬೆಟ್ಟವೆಲ್ಲ ಘಮ್ಮೆಂದಿತು. ಹೊಂಬಣ್ಣದ ಬನ್ನು! ಉಡ ಉಸಿರು ಬಿಗಿಹಿಡಿದು, ಒಂದು ತುಂಡು ನಾಲಿಗೆಯ ಮೇಲಿಟ್ಟುಕೊಂಡಿತು. ಅದು ಬೂದಿಯಾಗಲಿಲ್ಲ. ಕಣ್ಣು ಮುಚ್ಚಿ ಅಗಿದು ನುಂಗಿ, "ಸಿಹಿ ಅಂದರೆ ಇದೇನಾ?" ಎಂದು ಕೇಳಿತು. ದೇವೀರಿ ಹೌದೆಂದಳು. ಉಡ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಬೆಟ್ಟದ ತುದಿಯಲ್ಲಿ ಕರಾಲಕನ ಮನೆ. ಅವನು ಬೆಳ್ಳಿಯ ಕೊಪ್ಪರಿಗೆಯ ಪಕ್ಕ ಕೂತಿದ್ದ. ಒಳಗೆ ಸಾವಿರಾರು ಜನರ ಕೈಚಳಕದ ಎಳೆಗಳು ಒಂದರೊಳಗೊಂದು ಸಿಕ್ಕುಬಿದ್ದು ಗುಡ್ಡದಂಥ ಉಂಡೆಯಾಗಿದ್ದವು.

"ಓಹೋ, ಸೊಟ್ಟ ಹೊಲಿಗೆಯವಳು!" ಎಂದು ಕರಾಲಕ ನಕ್ಕ. "ಬಿಡಿಸಿಕೊಂಡು ಹೋಗು, ನಾನು ತಡೆಯುವುದಿಲ್ಲ. ಆದರೆ ಒಂದು ಎಳೆ ತುಂಡಾದರೂ ಅದರ ಒಡೆಯ ಸಾಯುತ್ತಾನೆ. ಹೊತ್ತು ಮುಳುಗುವುದರೊಳಗೆ ಮುಗಿಯದಿದ್ದರೆ ನೀನು ಕಲ್ಲಾಗುತ್ತೀಯ."

ಆಗ ಇನ್ನೂ ಬೆಳಗಿನ ಬಿಸಿಲು. ದೇವೀರಿ ನೆಲದ ಮೇಲೆ ಕೂತಳು. ಎಳೆಯಲಿಲ್ಲ, ಜಗ್ಗಲಿಲ್ಲ. ಉಂಡೆಯನ್ನು ಎರಡೂ ಕೈಯಿಂದ ಹಿಟ್ಟಿನಂತೆ ಮೆಲ್ಲಗೆ ಅಮುಕಿ ಸಡಿಲಿಸಿದಳು. ಒಂದು ತುದಿ ಕಂಡಿತು. ಅದರ ಹಿಂದೆಯೇ ಬೆರಳಾಡಿಸುತ್ತ ಹೋದಳು. ಬಿಡಿಸಿಕೊಂಡ ಎಳೆ ಕಿಟಕಿಯಿಂದ ಹಾರಿ ಊರಿನ ಕಡೆಗೆ ಹೋಯಿತು. ಆಮೇಲೆ ಇನ್ನೊಂದು. ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಆಕಾಶದಲ್ಲಿ ಬಣ್ಣದ ಎಳೆಗಳ ಸಾಲು ಕೊಕ್ಕರೆಗಳಂತೆ ಹಾರುತ್ತಿತ್ತು.

ಕರಾಲಕನಿಗೆ ದಿಗಿಲಾಯಿತು. ದಾಸವಾಳ ಕೆಂಪಿನ ಎಳೆ ಅವಳ ಕೈಗೆ ಬಂದಾಗ ಅವನು ಹತ್ತಿರ ಬಂದು ಮೆತ್ತಗೆ ಹೇಳಿದ: "ಅದು ಗುರುಪಾದನದು. ಬೆರಳಿಗೆ ಸುತ್ತಿಕೋ. ಈ ಕ್ಷಣದಿಂದ ಅವನಂತೆ ನೇಯುತ್ತೀಯ. ಯಾರೂ ನಿನ್ನ ನೋಡಿ ನಗುವುದಿಲ್ಲ."

ದೇವೀರಿಯ ಕೈ ನಿಂತಿತು. ಎಳೆ ಬೆಚ್ಚಗಿತ್ತು. ಮುಟ್ಟಿದ್ದಷ್ಟಕ್ಕೇ ಅವಳ ಬೆರಳುಗಳಿಗೆ ನವಿಲಿನ ಗರಿಗೆ ಎಷ್ಟನೆಯ ಎಳೆ ಎತ್ತಬೇಕೆಂದು ತಿಳಿದುಹೋಯಿತು. ಅವಳಿಗೆ ಅದು ಬೇಕೆನಿಸಿತು. ಬಹಳ ಬೇಕೆನಿಸಿತು. ಬಿಸಿಲು ಗೋಡೆಯ ಮೇಲೆ ಒಂದು ಗೇಣು ಜಾರುವವರೆಗೂ ಅವಳು ಹಾಗೇ ಕೂತಿದ್ದಳು.

"ಇದನ್ನ ಕಟ್ಟಿಕೊಂಡರೆ ನಾಳೆ ಎದ್ದು ನಾನು ಏನು ಕಲೀಲಿ?" ಎಂದು ಕೊನೆಗೆ ಹೇಳಿದಳು. "ನೆನ್ನೆಗಿಂತ ಇವತ್ತು ಒಂದು ಹೊಲಿಗೆ ನೆಟ್ಟಗೆ ಬಂದರೆ ನನಗೆ ಎಷ್ಟು ಖುಷಿಯಾಗುತ್ತೆ ಗೊತ್ತಾ? ಅದನ್ನ ಯಾರಿಗೂ ಕೊಡಲ್ಲ." ಕೆಂಪು ಎಳೆಯನ್ನು ಕಿಟಕಿಯತ್ತ ಬಿಟ್ಟಳು. ಅದು ಎಲ್ಲಕ್ಕಿಂತ ವೇಗವಾಗಿ ಹಾರಿತು.

ಹೊತ್ತು ಬೆಟ್ಟದ ಅಂಚಿಗೆ ಬಂದಾಗ ಕೊಪ್ಪರಿಗೆಯ ತಳದಲ್ಲಿ ಒಂದೇ ಒಂದು ಎಳೆ ಉಳಿದಿತ್ತು. ಬೂದಿ ಬಣ್ಣದ, ಒಣಗಿದ, ಒಂಬತ್ತು ಗಂಟುಗಳ ಎಳೆ.

"ಅದನ್ನು ಮುಟ್ಟಬೇಡ!" ಎಂದು ಕರಾಲಕ ಕೂಗಿದ. "ಅದು ನನ್ನದು!"

ಒಂದು ಕಾಲದಲ್ಲಿ ಅವನೂ ಚಾಪೆ ಹೆಣೆಯುವವನಾಗಿದ್ದ. ಬೇಗ ಬೇಗ ಎಲ್ಲ ಬೇಕೆಂದು ತನ್ನ ಕೈಚಳಕವನ್ನೇ ಮೊದಲು ಕೊಪ್ಪರಿಗೆಗೆ ಹಾಕಿ ಚಪ್ಪಾಳೆಯ ಮಾಯೆ ಪಡೆದಿದ್ದ. ದೇವೀರಿ ಒಂಬತ್ತು ಗಂಟನ್ನೂ ಉಗುರಿನ ತುದಿಯಿಂದ ಬಿಡಿಸಿದಳು. ಎಳೆ ಗಾಳಿಯಲ್ಲಿ ಒಂದು ಸುತ್ತು ಹಾಕಿ ಕರಾಲಕನ ಬೆರಳುಗಳೊಳಗೆ ಇಳಿಯಿತು. ಅವನು ಹುಚ್ಚನಂತೆ ಚಪ್ಪಾಳೆ ತಟ್ಟಿದ. ಬರೀ ಸದ್ದಾಯಿತು. ಮತ್ತೆ ತಟ್ಟಿದ. ಮತ್ತೆ ಸದ್ದು. ಅವನ ಮನೆಯ ಗೋಡೆಗಳು ಹೊಗೆಯಾಗಿ ಕರಗಿದವು. ಅವನು ತನ್ನ ಅಂಗೈಗಳನ್ನೇ ನೋಡುತ್ತ ಬೆಟ್ಟದ ಮೇಲೆ ಕುಸಿದು ಕೂತ.

ದೇವೀರಿ ಹುಲಿಯ ಬೆನ್ನೇರಿ ಊರಿಗೆ ಬಂದಾಗ ಪ್ರತಿ ಮನೆಯ ಒಲೆಯೂ ಉರಿಯುತ್ತಿತ್ತು. ತಾಯಂದಿರು ಮಕ್ಕಳ ಜಡೆಯನ್ನು ಹೆಣೆದು, ಬಿಚ್ಚಿ, ಸುಮ್ಮನೆ ಸಂತೋಷಕ್ಕೆ ಮತ್ತೆ ಹೆಣೆಯುತ್ತಿದ್ದರು. ದೊರೆ ಪದ್ಮಶೇಖರ ಬಾಗಿಲವರೆಗೂ ನಡೆದುಬಂದು ಕೈಮುಗಿದ.

"ನಾಡಿನ ಕುಶಲಕರ್ಮಿಗಳಿಗೆಲ್ಲ ನೀನೇ ಒಡತಿಯಾಗು ತಾಯಿ."

"ಬೇಡ ಬುದ್ಧಿ. ಆಮೇಲೆ ಖುಷಿಗೆ ಮಾಡೋದೂ ಕೆಲಸವಾಗಿಬಿಡುತ್ತೆ" ಎಂದಳು ದೇವೀರಿ. "ವಾರಕ್ಕೊಂದು ದಿನ ಬಾಗಿಲು ಕಾಯೋಕೆ ಬೇರೆಯವರನ್ನ ಕೊಡಿ. ಆ ದಿನ ಗುರುಪಾದರ ಮಗ್ಗದ ಹತ್ತಿರ ಕೂತು ನೇಯೋದು ಕಲೀಬೇಕು."

ದೊರೆ ಒಪ್ಪಿದ. ಗುರುಪಾದ ಮರುದಿನವೇ ಮಗ್ಗದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟ.

ಕರಾಲಕ ಬೆಟ್ಟದಿಂದಿಳಿದು ಬಂದು ಜನರ ಕ್ಷಮೆ ಕೇಳಿದ. ಚಳಿಗೆ ನಡುಗಿದ ಪ್ರತಿ ಮನೆಗೂ ಅವನು ಚಾಪೆ ಹೆಣೆದು ಕೊಡಬೇಕೆಂದು ದೊರೆ ಆಜ್ಞೆ ಮಾಡಿದ. ಹಾಗೆ ಹೆಣೆಯುತ್ತ ಹೆಣೆಯುತ್ತ ಅವನ ಮುಖದ ಸಿಡುಕು ಇಳಿಯಿತು. ಬೆಂಕಿಯುಡ ಊರ ಹೊರಗೆ ನೆಲೆಸಿ ಹಬ್ಬದ ದಿನಗಳಲ್ಲಿ ನೂರು ಬನ್ನುಗಳನ್ನು ಒಂದೇ ಉಸಿರಿಗೆ ಬೇಯಿಸಿಕೊಡುತ್ತಿತ್ತು. ಹುಲಿಗೆ ರೋಮ ಮತ್ತೆ ಬೆಳೆಯಿತು, ಆದರೂ ಅದು ಅಂಗಿ ಬಿಚ್ಚಲಿಲ್ಲ. ಬೆಳ್ಮುಗಿಲಿನಲ್ಲಿ ಆಮೇಲೆ ಯಾರೂ ಹಸಿದು ಮಲಗಲಿಲ್ಲ, ಯಾರೂ ಚಳಿಗೆ ನಡುಗಲಿಲ್ಲ. ದೇವೀರಿ ತುಂಬು ಬಾಳು ಬಾಳಿದಳು, ಅವಳ ಜೊತೆಗೆ ಆ ನಾಡೂ ನಗುನಗುತ್ತ ಬಾಳಿತು.