ಅನ್ನಪೂರ್ಣಾಳ ನಾಲಿಗೆ ಹೇಳಿದ್ದು

"ಏಯ್! ಎಲಿ ತೆಗಿಯಾಕ ಬಂದೀಯೋ, ದ್ರಾಕ್ಷಿ ತಿನ್ನಾಕ ಬಂದೀಯೋ?"

ಬೆನ್ನ ಹಿಂದಿನ ದನಿಗೆ ಅನ್ನಪೂರ್ಣಾ ಬೆಚ್ಚಿಬಿದ್ದಳು. ಬಾಯಲ್ಲಿದ್ದ ದ್ರಾಕ್ಷಿಯನ್ನು ಬೀಜ ಸಮೇತ ನುಂಗಿಬಿಟ್ಟಳು!

ಎದುರಿಗೆ ಮಹಾಂತೇಶ. ಘೋಡಗೇರಿಯ ಈ ತೋಟದ ಮಾಲೀಕ. ನಾಶಿಕದಲ್ಲಿ ವೈನ್ ಮಾಡುವುದನ್ನು ಕಲಿತು ಬಂದವನು.

"ತಿನ್ನಾಕಲ್ರಿ... ನೋಡಾಕ."

"ಬಾಯಿಲೆ ನೋಡ್ತಾರೇನು?"

ಪಕ್ಕದ ಸಾಲಿನಲ್ಲಿದ್ದ ಸೋದರತ್ತೆ ಪಾರವ್ವ ನಕ್ಕಳು. "ನಮ್ಮ ತಮ್ಮನ ಮಗಳ್ರಿ ಸಾವ್ಕಾರ, ಮಸಗುಪ್ಪಿಯಾಕಿ. ಏಳನೇತ್ತಿಗೆ ಸಾಲಿ ಬಿಟ್ಟು ಹತ್ತ ವರ್ಷ ಆತು. ಮಾತಿಗೆ ಬಾಯಿ ತೆಗಿಯಂಗಿಲ್ಲ, ತಿನ್ನಾಕ ಅಷ್ಟ ತೆಗೀತಾಳ!"

ಎಲ್ಲರೂ ನಕ್ಕರು. ಅನ್ನಪೂರ್ಣಾಳ ಕಿವಿ ಬಿಸಿಯಾಯಿತು. ಆದರೂ ಹೇಳದೆ ಇರಲಾಗಲಿಲ್ಲ...

"ಕೊಯ್ಲು ಸೋಮಾರ ಅಂದೀರಂತ, ಅಲ್ಲಿತನಕ ಬಿಡಬ್ಯಾಡ್ರಿ. ನಾಳೆನ ಕೊಯ್ರಿ. ನಾಲ್ಕ ದಿನದಿಂದ ನೋಡಾಕತ್ತೇನಿ, ಹುಳಿ ಇಳ್ಯಾಕತ್ತೈತಿ. ಆಮ್ಯಾಲ ಬರೇ ಸಿಹಿ ಉಳೀತೈತಿ."

ಮಹಾಂತೇಶನ ನಗು ನಿಂತಿತು. ಒಣದ್ರಾಕ್ಷಿ ಮಾಡುವವರಿಗೆ ಸಿಹಿ ಬೇಕು. ಅವನು ಮಾಡಲಿದ್ದ ಬಿಳಿ ವೈನಿಗೆ ಹುಳಿಯೇ ಜೀವ! ಗೊನೆಯ ರಸ ಹಿಂಡಿ ಪರೀಕ್ಷೆ ಮಾಡಿ ನೋಡಿದ. ಹುಡುಗಿ ಹೇಳಿದ್ದು ಖರೆ!

ಮರುದಿನ ಬಿಸಿಲೇರುವ ಮೊದಲೇ ಕೊಯ್ಲು ಮುಗಿಯಿತು.

ಅಂದಿನಿಂದ ಅವನು ದಿನಕ್ಕೊಮ್ಮೆಯಾದರೂ ಬಂದು ಕೇಳುತ್ತಿದ್ದ. "ಅನ್ನಪೂರ್ಣಾ, ನಿನಗೇನ ಅನಸ್ತೈತಿ?"

ನಿನಗೇನು ಅನಿಸುತ್ತದೆ! ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಆ ಮಾತಿಗಾಗಿಯೇ ಅವಳು ದಾರಿ ಕಾಯತೊಡಗಿದಳು.

"ಈ ಬಳ್ಳಿ ಮೂಲ ಫ್ರಾನ್ಸ್ ದೇಶದ್ದು," ಎಂದ ಒಂದು ದಿನ. "ಅಲ್ಲಿ ಲ್ವಾರ್ ಅಂತ ಹೊಳಿ ಐತಿ. ಥಂಡಿ ಊರು. ಅದಕ್ಕ ಹುಳಿ ಗಟ್ಟಿ ಉಳೀತೈತಿ. ನಾನು ನಾಶಿಕದಿಂದ ತಂದು ಇಲ್ಲಿ ಹಚ್ಚೇನಿ."

"ಪಾಪ, ನಮ್ಮ ಬಿಸಲಿಗೆ ಎಷ್ಟ ಗಾಬರಿ ಆಗಿರಬೇಕ್ರಿ ಅದಕ್ಕ!"

ಅವನು ಜೋರಾಗಿ ನಕ್ಕ. ಆ ನಗುವಿನಲ್ಲಿ ಅವಳ ಮನಸ್ಸು ಕಳೆದುಹೋಯಿತು...

ಮೇ ತಿಂಗಳು ಬಂತು. ಬಾಟಲಿ ತುಂಬುವ ಮೊದಲು ಮಹಾಂತೇಶ ಅವಳನ್ನು ಕರೆದ. ಗಾಜಿನ ಲೋಟದಲ್ಲಿ ತಿಳಿಹಸಿರು ಮಿಂಚುವ ಬಿಳಿ ವೈನು.

"ಮೊದಲ ನೀನ ಹೇಳಬೇಕು. ಬಾಯಾಗ ಆಡಿಸಿ ಉಗಳಿಬಿಡು. ರುಚಿ ನೋಡೂವಾಗ ನಾನೂ ನುಂಗೂದಿಲ್ಲ."

ಅನ್ನಪೂರ್ಣಾ ಲೋಟ ತೆಗೆದುಕೊಂಡಳು. ಉಗುಳುವುದು?! ಇವರ ಎದುರಿಗೆ? ಹಿರಿಯರ ಮುಂದೆ ಉಗುಳಿದರೆ ಅವ್ವ ಕೆನ್ನೆಗೆ ಬಾರಿಸುತ್ತಿದ್ದಳು. ಅಂಥದ್ದರಲ್ಲಿ, ಮನಸ್ಸಿನಲ್ಲೇ ಪೂಜಿಸುವವರ ಮುಂದೆ...

"ನನ್ನ ಕಡಿಂದ ಆಗೂದಿಲ್ರಿ!" ಲೋಟ ಇಟ್ಟು ಓಡಿಬಿಟ್ಟಳು.

ಮಹಾಂತೇಶನ ಮುಖ ಬಾಡಿತು. 'ಲಿಂಗ ಕಟ್ಟಿದ ಮನ್ಯಾಗ ಸೆರೆ-ಹೆಂಡ ಮಾಡ್ತಾನ' ಎಂದು ಗೋಕಾಕದ ಎರಡು ಮನೆಯವರು ಅವನಿಗೆ ಹೆಣ್ಣು ಕೊಟ್ಟಿರಲಿಲ್ಲ. ಇವಳಿಗೂ ನಾನು ಹೇಸಿಗೆಯೇ?

ಸಂಜೆ ಪಾರವ್ವನಿಗೆ ಹೇಳಿದ. "ನಾಳೆಯಿಂದ ಆಕೀನ್ನ ಕರಕೊಂಡ ಬರಬ್ಯಾಡ, ಪಾರವ್ವ. ಮನಸ್ಸಿಲ್ಲದ ಕೆಲಸ ಬ್ಯಾಡ."

ಪಾರವ್ವ ಮನೆಗೆ ಬಂದು ಹೇಳಿದಾಗ ಅನ್ನಪೂರ್ಣಾ ಅಳತೊಡಗಿದಳು. ಪಾರವ್ವ ಗದರಿದಳು. "ಏನ್ ಮಾಡಿದೆಲೇ?"

"ಉಗಳಾಕ ನಾಚಿಕಿ ಬಂತು, ಅತ್ತಿ..."

"ಅಯ್ಯ ನಿನ್ನ! ಅಷ್ಟಕ್ಕ ಅಳತಾರೇನ? ಹೋಗಿ ಹೇಳಬಾರದ?"

ಹೇಳದೆ ಹೋದರೆ ಅವರು ಜೀವನಪೂರ್ತಿ ತಪ್ಪು ತಿಳಿದುಕೊಂಡೇ ಇರುತ್ತಾರೆ... ಬೆಳಗಾಗುತ್ತಲೇ ತೋಟಕ್ಕೆ ಓಡಿದಳು.

"ನಿಮ್ಮ ಮ್ಯಾಲ ಹೇಸಿಗಿ ಇಲ್ರಿ! ನಿಮ್ಮ ಮುಂದ ಉಗಳೂದು ಹೆಂಗಂತ... ಅದಕ್ಕ ಓಡಿದೆ!"

ಮಹಾಂತೇಶ ಕಣ್ಣರಳಿಸಿ ನಿಂತ. "ಅಷ್ಟನ?"

"ಅಷ್ಟನರಿ. ಆ ವೈನ ಕೊಡ್ರಿ, ಈಗ ಹೇಳ್ತೇನಿ. ಆ ಕಡೆ ಮಕಾ ಮಾಡ್ರಿ. ನೋಡಬ್ಯಾಡ್ರಿ!"

ಅವನು ಲೋಟ ಕೊಟ್ಟು ಗೋಡೆಯತ್ತ ತಿರುಗಿದ. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬಕೆಟ್ಟಿನಲ್ಲಿ ಉಗುಳಿದಳು.

"ಕಾಯಿ ಪ್ಯಾರಲದಂಗ ಐತ್ರಿ. ಲಿಂಬಿ ಸಿಪ್ಪಿ... ಆಗಷ್ಟ ಕೊಯ್ದ ಹುಲ್ಲು. ಸಿಹಿ ಒಂಚೂರೂ ಇಲ್ಲ. ನಾಲಿಗಿ ಅಂಚಿಗೆ ಚುರ್ ಅಂತೈತಿ, ಆಮ್ಯಾಲ ಬಾಯಿ ಸ್ವಚ್ಛ! ಭಾಳ ಚಲೋ ಆಗೇತ್ರಿ."

ಗೋಡೆಯತ್ತಲೇ ನಿಂತಿದ್ದ ಮಹಾಂತೇಶನ ದನಿ ಒದ್ದೆಯಾಗಿತ್ತು. "ಸೋಮಾರದ ತನಕ ಬಿಟ್ಟಿದ್ರ ಇದು ಹಿಂಗ ಆಗತಿರಲಿಲ್ಲ. ನಿನ್ನ ಉಪಕಾರ ಹೆಂಗ ತೀರಸ್ಲಿ?"

"ನಾನ ಹೇಳಬೇಕ್ರಿ ಆ ಮಾತು. ನನಗೂ ಏನರ ತಿಳೀತೈತಿ ಅಂತ ತೋರಿಸಿದವರ ನೀವು."

ಅವನು ತಿರುಗಿದ. ಇಬ್ಬರ ಕಣ್ಣೂ ತುಂಬಿತ್ತು.

"ಅನ್ನಪೂರ್ಣಾ... ಮಸಗುಪ್ಪಿಗೆ ಬಂದು ನಿಮ್ಮಪ್ಪನ್ನ ಕೇಳ್ಲೇನು?"

ಅವಳು ತಲೆ ತಗ್ಗಿಸಿದಳು. ಆದರೆ ದನಿ ತಗ್ಗಲಿಲ್ಲ.

"ಅಪ್ಪನ್ನ ಆಮ್ಯಾಲ ಕೇಳ್ರಿ. ಮೊದಲ ನನ್ನ ಕೇಳ್ರಲಾ..."

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ನ ಮದುವಿ ಆಗ್ತಿಯೇನ?"

"ಹೂಂರಿ," ಎಂದಳು. "ಆಗ್ತೇನಿ!"